ಖಾರದ ಮೆಣಸಿನಕಾಯಿ ಹೆಚ್ಚಿದ ಮೇಲೆ ಎಷ್ಟು ತೊಳೆದರೂ ಕೈ ಉರಿ ಹೋಗುವುದಿಲ್ಲ, ಏನು ಮಾಡಬೇಕು?

ಸೋಪು ಹಾಕಿ ಎರಡು ಮೂರು ಸಲ ಕೈ ತೊಳೆದರೂ ಉರಿ ಹೋಗುವುದಿಲ್ಲ, ಎಷ್ಟೋ ಹೊತ್ತಿನ ಮೇಲೆ ಕಣ್ಣು ಮುಟ್ಟಿಕೊಂಡರೂ ಉರಿಯುತ್ತದೆ, ಹುರಿಯುವಾಗ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾರೆ ಎಂದು ಕೇಳಿದ್ದೀರಿ. ಎಲ್ಲಕ್ಕೂ ಮೂಲ ಒಂದೇ. ಖಾರ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೈಗೆ ಗ್ರೀಸ್ ಮೆತ್ತಿಕೊಂಡಾಗ ಬರೀ ನೀರು ಸುರಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ: ಹೋಗುವುದಿಲ್ಲ, ಇನ್ನಷ್ಟು ಹರಡುತ್ತದೆ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಉಳಿದ ಎಚ್ಚರಿಕೆಗಳು ಯಾಕೆ ಬೇಕು ಅನ್ನುವುದು ತಾನಾಗಿಯೇ ಅರ್ಥವಾಗುತ್ತದೆ.

ಖಾರಕ್ಕೆ ಕಾರಣವಾದ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಕಾಯಿಯನ್ನು ಉದ್ದಕ್ಕೆ ಸೀಳಿದರೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳು ಕಾಣುತ್ತದಲ್ಲ, ಕ್ಯಾಪ್ಸೈಸಿನ್ ಹುಟ್ಟುವುದೂ ಅತಿ ಹೆಚ್ಚು ಇರುವುದೂ ಅಲ್ಲೇ. ಬೀಜಕ್ಕೆ ಸ್ವಂತ ಖಾರ ಅಷ್ಟಾಗಿ ಇಲ್ಲ, ಆ ತಿರುಳಿಗೆ ತಾಗಿದ್ದರಿಂದ ಬಂದದ್ದು. ಹಾಗಾಗಿ ಬೀಜ ಉದುರಿಸಿ ಬಿಳಿ ತಿರುಳನ್ನು ಹಾಗೇ ಬಿಟ್ಟರೆ ಖಾರ ಅಂಥದ್ದೇನೂ ಕಡಿಮೆಯಾಗುವುದಿಲ್ಲ.

ನಮ್ಮ ನರಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕ (ರಿಸೆಪ್ಟರ್) ಇದೆ, ಹೆಸರು ಟಿಆರ್‌ಪಿವಿ1. ಕ್ಯಾಪ್ಸೈಸಿನ್ ಹೋಗಿ ಕೂರುವುದು ಅದರ ಮೇಲೆಯೇ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಪತ್ತೆಹಚ್ಚಿತು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಈ ಕೆಲಸಕ್ಕೂ ಪಾಲಿದೆ. ಅಡುಗೆಮನೆಯಲ್ಲಿ ಇದರಿಂದ ಏನುಪಯೋಗ ಅಂದರೆ, ಉರಿಯುವ ಕೈ ನಿಜವಾಗಿ ಸುಟ್ಟಿರುವುದಿಲ್ಲ, ಸುಟ್ಟಿದೆ ಎಂದು ನರ ಹೇಳುತ್ತಿರುತ್ತದೆ. ಅದರ ಮೇಲೆ ಬಿಸಿನೀರು ಬಿದ್ದರೆ ಅದೇ ಗ್ರಾಹಕ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ. ಬೆಳಿಗ್ಗೆ ಮೆಣಸಿನಕಾಯಿ ಹೆಚ್ಚಿ, ಸಂಜೆ ಬಿಸಿನೀರಿಗೆ ಕೈಯಿಟ್ಟ ತಕ್ಷಣ ಉರಿ ಮತ್ತೆ ಏಳುವುದು ಇದಕ್ಕೇ.

ಎಲ್ಲ ಕಾಯಿಗೂ ಒಂದೇ ಮಟ್ಟದ ಎಚ್ಚರ ಬೇಕಿಲ್ಲ. ಖಾರ ಅಳೆಯಲು 1912ರಲ್ಲಿ ವಿಲ್ಬರ್ ಸ್ಕೋವಿಲ್ ರೂಪಿಸಿದ ಮಾಪನ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ದಪ್ಪ ಮೆಣಸಿನಕಾಯಿ ಸೊನ್ನೆ, ವಿದೇಶಿ ತಳಿಗಳಲ್ಲಿ ಹಾಲಪೆನ್ಯೊ ಸುಮಾರು 2,500ರಿಂದ 8,000, ಹಾಬನೆರೊ 1 ಲಕ್ಷದಿಂದ 3.5 ಲಕ್ಷ, ಕ್ಯಾರೊಲಿನಾ ರೀಪರ್ 15 ಲಕ್ಷಕ್ಕೂ ಮೇಲೆ. ಸಾಧಾರಣ ಖಾರದ ಎರಡು ಮೂರು ಕಾಯಿಯನ್ನು ಬರಿಗೈಯಲ್ಲಿ ಹೆಚ್ಚಿ ಕೈ ತೊಳೆದುಕೊಂಡರೆ ಸಾಕು. ಅದೇ ಕಾಯಿಯನ್ನು ಕಾಲು ಕಿಲೋ ಹೆಚ್ಚಬೇಕಾದರೆ ಗ್ಲೌಸ್ ಹಾಕಿ. ಹಾಬನೆರೊ ಮಟ್ಟದ ಕಾಯಿಯಾದರೆ ಒಂದೇ ಒಂದಿದ್ದರೂ ಬರಿಗೈಯಲ್ಲಿ ಸೀಳಬೇಡಿ. ಚರ್ಮಕ್ಕೆ ಇಳಿದ ಖಾರ ಕೆಲವೊಮ್ಮೆ ತಕ್ಷಣ ಗೊತ್ತಾಗುವುದಿಲ್ಲ, ಒಂದೆರಡು ಗಂಟೆ ಬಿಟ್ಟು ಶುರುವಾಗುತ್ತದೆ. ಹೆಚ್ಚುವಾಗ ಉರಿಯಲಿಲ್ಲ ಅಂದರೆ ಕೈಗೆ ಹತ್ತಿಲ್ಲ ಎಂದು ಅರ್ಥವಲ್ಲ.

ಗ್ಲೌಸ್‌ನಲ್ಲಿ ನೈಟ್ರೈಲ್ ಎಂಬ ಕೃತಕ ರಬ್ಬರಿನದು ಒಳ್ಳೆಯದು. ಬೆರಳಿಗೆ ಸರಿಯಾಗಿ ಕೂರುವ ಅಳತೆ ತೆಗೆದುಕೊಳ್ಳಿ. ತೆಳು ಪಾಲಿಥೀನ್ ಗ್ಲೌಸ್ ಸಡಿಲವಾಗಿ ಚಾಕುವಿಗೆ ಸಿಕ್ಕಿಕೊಳ್ಳುತ್ತದೆ, ಉಗುರು ತಾಗಿ ಹರಿಯುತ್ತದೆ. ತೆಳು ಲ್ಯಾಟೆಕ್ಸ್ ಒಳಗೆ ಹೊತ್ತು ಹೋದಂತೆ ಖಾರ ಇಳಿಯಬಹುದು. ಉಂಗುರ, ಗಡಿಯಾರ ಮೊದಲೇ ತೆಗೆದಿಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅವತ್ತು ಕನ್ನಡಕವನ್ನೇ ಹಾಕಿಕೊಳ್ಳಿ, ಯಾಕೆಂದರೆ ರಾತ್ರಿ ಲೆನ್ಸ್ ತೆಗೆಯುವ ಬೆರಳಿನಲ್ಲಿ ಚೂರು ಖಾರ ಉಳಿದಿದ್ದರೂ ಅದು ನೇರ ಕಣ್ಣಿಗೇ ಹೋಗುತ್ತದೆ.

ಗ್ಲೌಸ್ ಹಾಕಿಯೂ ಕೈ ಉರಿಯಿತು ಅನ್ನುವವರು ತಪ್ಪುವುದು ಬಹುಪಾಲು ತೆಗೆಯುವಾಗ. ಗ್ಲೌಸ್ ಕೈಯಲ್ಲಿರುವಾಗಲೇ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ಆಮೇಲೆ ಒಂದು ಕೈಯದನ್ನು ಮಣಿಕಟ್ಟಿನ ಹತ್ತಿರ ಹೊರಗಡೆಯಿಂದ ಹಿಡಿದು, ಒಳಮೈ ಹೊರಗೆ ಬರುವಂತೆ ಮಗುಚುತ್ತ ಎಳೆಯಿರಿ. ಬರಿದಾದ ಕೈಯ ಬೆರಳನ್ನು ಇನ್ನೊಂದರ ಅಂಚಿನ ಒಳಗೆ ತೂರಿಸಿ ಅದನ್ನೂ ಹಾಗೆಯೇ ಮಗುಚಿ. ಹೊರಮೈ ಚರ್ಮಕ್ಕೆ ತಾಗಲೇಬಾರದು. ಇಷ್ಟಾದ ಮೇಲೂ ಒಮ್ಮೆ ಕೈ ತೊಳೆಯಿರಿ. ಗ್ಲೌಸ್ ಹಾಕಿಕೊಂಡೇ ಫೋನು, ನಲ್ಲಿ, ಸ್ಟವ್‌ನ ಗುಬುಟು ಮುಟ್ಟಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅಲ್ಲಿಗೆ ಅಂಟಿದ ಖಾರ ಬರಿಗೈಗೆ ವಾಪಸ್ ಬರುತ್ತದೆ.

ಗ್ಲೌಸ್ ಇಲ್ಲದಿದ್ದರೆ ಕಾಯಿ ಹಿಡಿಯುವ ಕೈಯ ಬೆರಳುಗಳಿಗೆ, ಉಗುರಿನ ಸಂದಿಗೂ ಸೇರಿಸಿ, ಎರಡು ಹನಿ ಅಡುಗೆ ಎಣ್ಣೆ ಸವರಿಕೊಳ್ಳಿ. ಖಾರ ಮೊದಲು ಆ ಎಣ್ಣೆಗೆ ಸೇರುತ್ತದೆ, ಆಮೇಲೆ ಸೋಪಿಗೆ ಎಣ್ಣೆಯ ಜತೆಗೇ ಬಿಟ್ಟುಹೋಗುತ್ತದೆ. ಚಾಕು ಹಿಡಿಯುವ ಕೈಗೆ ಮಾತ್ರ ಎಣ್ಣೆ ಬೇಡ, ಹಿಡಿ ಜಾರಿ ಬೆರಳು ಕೊಯ್ದುಕೊಳ್ಳುತ್ತೀರಿ. ಬೆರಳಲ್ಲಿ ಗಾಯವೋ ಬಿರುಕೋ ಇದ್ದರೆ ಎಣ್ಣೆಯನ್ನು ನಂಬಬೇಡಿ, ಫೋರ್ಕಿನಿಂದ ಕಾಯಿಯನ್ನು ಒತ್ತಿ ಹಿಡಿದು ಹೆಚ್ಚಿ.

ಹೆಚ್ಚುವ ಕ್ರಮ ಹೀಗಿರಲಿ. ಮೊದಲು ಬೇರೆ ತರಕಾರಿಗಳನ್ನೆಲ್ಲ ಮುಗಿಸಿ, ಮೆಣಸಿನಕಾಯಿ ಕೊನೆಗೆ. ಕಾಯಿಯನ್ನು ಇಡಿಯಾಗಿ ತೊಳೆದು ಬಟ್ಟೆಯಲ್ಲಿ ಒರೆಸಿ, ಒದ್ದೆಯಿದ್ದರೆ ಜಾರುತ್ತದೆ. ತೊಟ್ಟಿನ ಕಡೆ ಒಂದಿಷ್ಟು ಕತ್ತರಿಸಿ ತೆಗೆದು ಉದ್ದಕ್ಕೆ ಸೀಳಿ, ಚಿಕ್ಕ ಚಮಚದ ತುದಿಯಿಂದ ತೊಟ್ಟಿನ ಕಡೆಯಿಂದ ಕೆಳಕ್ಕೆ ಒಂದು ಸಲ ಎಳೆಯಿರಿ. ಬಿಳಿ ತಿರುಳು ಬೀಜದ ಸಮೇತ ಬಂದುಬಿಡುತ್ತದೆ, ಬೆರಳು ಹಾಕುವ ಕೆಲಸವೇ ಇಲ್ಲ. ಆಮೇಲೆ ಸಿಪ್ಪೆಯ ಭಾಗ ಹಲಗೆಗೆ, ಒಳಭಾಗ ಮೇಲಕ್ಕೆ ಬರುವಂತೆ ಇಟ್ಟು ಹೆಚ್ಚಿ. ನುಣುಪಾದ ಸಿಪ್ಪೆಯ ಮೇಲೆ ಮೊಂಡು ಚಾಕು ಜಾರುತ್ತದೆ, ಒಳಭಾಗದಲ್ಲಿ ತಕ್ಷಣ ಹಿಡಿಯುತ್ತದೆ. ಮರದ ಹಲಗೆ ರಸ ಹೀರಿಕೊಳ್ಳುವುದರಿಂದ ಇದಕ್ಕೆ ಪ್ಲಾಸ್ಟಿಕ್ ಹಲಗೆ ವಾಸಿ. ಒಣಮೆಣಸಿನಕಾಯಿಯನ್ನು ಕೈಯಲ್ಲಿ ಮುರಿದರೆ ನುಣ್ಣನೆಯ ದೂಳು ಮುಖಕ್ಕೇ ಏಳುತ್ತದೆ. ಆಳವಾದ ಪಾತ್ರೆಯ ಒಳಗೆ ಹಿಡಿದು ಕತ್ತರಿಯಿಂದ ತುಂಡು ಮಾಡಿ, ಆ ಹೊತ್ತಿಗೆ ಫ್ಯಾನ್ ಆರಿಸಿರಿ.

ಇನ್ನು ಘಾಟು. ಇದನ್ನು ಜನ ಹಗುರವಾಗಿ ನೋಡುತ್ತಾರೆ, ನನ್ನ ಪ್ರಕಾರ ಕೈ ಉರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಹುರಿಯುವಾಗ ಖಾರವು ಹೊಗೆ ಮತ್ತು ಸಣ್ಣ ಎಣ್ಣೆ ಹನಿಗಳ ಜತೆ ಗಾಳಿಗೆ ಸೇರುತ್ತದೆ, ಗಂಟಲಿನಲ್ಲೂ ಶ್ವಾಸನಾಳದಲ್ಲೂ ಇರುವ ಅದೇ ಗ್ರಾಹಕವನ್ನು ಕೆರಳಿಸುತ್ತದೆ. ಅಸ್ತಮಾ ಇರುವವರು, ಚಿಕ್ಕ ಮಕ್ಕಳು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ, ನಡುವಿನ ಬಾಗಿಲು ಮುಚ್ಚಿರಲಿ. ಎಕ್ಸಾಸ್ಟ್ ಫ್ಯಾನ್ ಅಥವಾ ಚಿಮಣಿಯನ್ನು ಘಾಟು ಎದ್ದ ಮೇಲಲ್ಲ, ಸ್ಟವ್ ಹಚ್ಚುವ ಮೊದಲೇ ಹಾಕಿ. ಹೊರಗಿನ ಗಾಳಿ ಒಳಗೆ ಬರಲು ಒಂದು ಕಿಟಕಿಯನ್ನೂ ತೆರೆಯಿರಿ, ಇಲ್ಲದಿದ್ದರೆ ಫ್ಯಾನಿಗೆ ಎಳೆಯಲು ಗಾಳಿಯೇ ಇರುವುದಿಲ್ಲ. ಉರಿ ಸಣ್ಣದಿರಲಿ. ಕಾಯಿ ಗರಿಗರಿಯಾಗಿ ಪರಿಮಳ ಬಂದ ಕೂಡಲೇ ತಣ್ಣನೆಯ ತಟ್ಟೆಗೆ ಸುರಿಯಿರಿ. ಸ್ಟವ್ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ದಪ್ಪ ತಳದ ಬಿಸಿಗೆ ಸೀಯುತ್ತಲೇ ಇರುತ್ತದೆ, ಅತಿ ಕೆಟ್ಟ ಘಾಟು ಬರುವುದು ಸೀದ ಕಾಯಿಯಿಂದ. ಹೊಗೆ ಎದ್ದಿತೆಂದು ಗಾಬರಿಯಾಗಿ ಬಾಣಲೆಗೆ ನೀರು ಹಾಕಬೇಡಿ, ಭುಗ್ ಎಂದು ಏಳುವ ಹಬೆ ಖಾರವನ್ನೆಲ್ಲ ಹೊತ್ತು ಮುಖಕ್ಕೆ ಬಡಿಯುತ್ತದೆ. ಮುಚ್ಚಳ ಮುಚ್ಚಿ ಸ್ಟವ್ ಆರಿಸಿ ಹೊರಗೆ ಬನ್ನಿ.

ಹಸಿ ಕಾಯಿಯನ್ನು ಇಡಿಯಾಗಿ ಕಾದ ಎಣ್ಣೆಗೆ ಹಾಕುವುದಾದರೆ ಮೊದಲು ಚಾಕುವಿನಿಂದ ಒಂದು ಸಣ್ಣ ಸೀಳು ಕೊಡಿ. ಒಳಗಿನ ತೇವ ಹಬೆಯಾಗಿ ಹೊರಬರಲು ದಾರಿ ಇಲ್ಲದಿದ್ದರೆ ಕಾಯಿ ಸಿಡಿದು ಖಾರದ ಬಿಸಿ ಎಣ್ಣೆ ಮೈಮೇಲೆ ಹಾರುತ್ತದೆ. ಮಿಕ್ಸಿಯಲ್ಲಿ ಪುಡಿ ಮಾಡುವಾಗ ಹುರಿದದ್ದು ಪೂರ್ತಿ ಆರಿರಬೇಕು. ಪುಡಿಯಾದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ, ಒಳಗಿನ ದೂಳು ಕೆಳಗೆ ಕೂರಲಿ. ತೆಗೆಯುವಾಗ ಜಾರನ್ನು ಮುಖದಿಂದ ದೂರ ಹಿಡಿದು, ಆಚೆ ಬದಿಯ ಅಂಚನ್ನು ಮೊದಲು ಎತ್ತಿ.

ಇಷ್ಟೆಲ್ಲ ಮಾಡಿಯೂ ಕೈ ಉರಿಯುತ್ತಿದ್ದರೆ ನೀರಿನ ಹತ್ತಿರ ಹೋಗುವ ಮೊದಲು ಎಣ್ಣೆ. ಒಂದು ಚಮಚ ಅಡುಗೆ ಎಣ್ಣೆಯನ್ನು ಒಣ ಕೈಗೆ ಹಾಕಿ ಒಂದೆರಡು ನಿಮಿಷ ಉಜ್ಜಿ, ಕಾಗದದ ಟವೆಲ್‌ನಿಂದ ಒರೆಸಿ ಎಸೆಯಿರಿ. ಒರೆಸದಿದ್ದರೆ ಕರಗಿದ ಖಾರ ಕೈಯಲ್ಲೇ ಉಳಿಯುತ್ತದೆ. ಆಮೇಲೆ ನೀರು ಮುಟ್ಟಿಸದೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಅರ್ಧ ನಿಮಿಷ ಉಜ್ಜಿ, ಉಗುರಿನ ಕೆಳಗೆ ಹಳೆಯ ಬ್ರಷ್ ಆಡಿಸಿ, ತಣ್ಣೀರಿನಲ್ಲಿ ತೊಳೆಯಿರಿ. ಇದನ್ನೇ ಎರಡು ಮೂರು ಸಲ ಮಾಡಿ. ಎಣ್ಣೆಯ ಜಿಡ್ಡು ಬಿಡಿಸಲೆಂದೇ ಮಾಡಿದ ಲಿಕ್ವಿಡ್ ಇಲ್ಲಿ ಮೈಸೋಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೂ ಉಳಿದ ಉರಿಗೆ ಬಟ್ಟಲಿನಲ್ಲಿ ತಣ್ಣನೆಯ ಹಾಲು ಅಥವಾ ಮೊಸರು ಹಾಕಿ ಕೈ ಅದ್ದಿಡಿ. ಐಸ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷದ ಒಳಗೆ ತೆಗೆಯಿರಿ. ಮರಗಟ್ಟಿದ ಬೆರಳಿಗೆ ಐಸ್ ಕೊರೆಯುತ್ತಿರುವುದು ಗೊತ್ತಾಗುವುದಿಲ್ಲ. ಬ್ಲೀಚ್ ಹಚ್ಚಿ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ. ದಯವಿಟ್ಟು ಬೇಡ. ಅದು ಚರ್ಮವನ್ನು ನಿಜವಾಗಿಯೇ ಸುಡುತ್ತದೆ, ವಿನೆಗರ್ ಅಥವಾ ನಿಂಬೆರಸದ ಜತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಕೈ ಸ್ವಚ್ಛವಾಯಿತೇ ಎಂದು ನೋಡಲು ಬೆರಳ ತುದಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ ಅರ್ಧ ನಿಮಿಷ ಕಾಯಿರಿ. ಚುರುಕ್ ಅಂದರೆ ಇನ್ನೊಮ್ಮೆ ಎಣ್ಣೆ, ಇನ್ನೊಮ್ಮೆ ಸೋಪು. ಶೌಚಾಲಯಕ್ಕೆ ಹೋಗುವ ಮೊದಲೂ, ಮಗುವನ್ನು ಎತ್ತಿಕೊಳ್ಳುವ ಮೊದಲೂ ಈ ಪರೀಕ್ಷೆ ತಪ್ಪಿಸಬೇಡಿ.

ಕಣ್ಣಿಗೆ ಖಾರ ಬಿದ್ದರೆ ಲೆಕ್ಕ ಬೇರೆ. ಅಲ್ಲಿಗೆ ಎಣ್ಣೆ, ಹಾಲು ಯಾವುದೂ ಬೇಡ, ಕಣ್ಣಿಗೆ ಹಾಕುವಷ್ಟು ಶುದ್ಧವಾದ ವಸ್ತುಗಳಲ್ಲ ಅವು. ಉಜ್ಜಲೇಬೇಡಿ. ಖಾರ ಮುಟ್ಟದ ಇನ್ನೊಬ್ಬರ ಸಹಾಯ ಪಡೆಯಿರಿ. ಲೆನ್ಸ್ ಇದ್ದರೆ ಮೊದಲು ತೆಗೆಸಿ, ಅದನ್ನು ಮತ್ತೆ ಬಳಸಬೇಡಿ. ತಲೆಯನ್ನು ಒಂದು ಕಡೆಗೆ ವಾಲಿಸಿ, ಉರಿಯುವ ಕಣ್ಣು ಕೆಳಗಿರುವಂತೆ, ಮೂಗಿನ ಕಡೆಯಿಂದ ಹೊರಕ್ಕೆ ಕುಡಿಯುವ ನೀರನ್ನು ಸಣ್ಣಗೆ ಹರಿಸುತ್ತ, ರೆಪ್ಪೆ ತೆರೆಯುತ್ತ ಮುಚ್ಚುತ್ತ ಹದಿನೈದು ನಿಮಿಷ ತೊಳೆಯಿರಿ. ಕಣ್ಣೀರು ಎಷ್ಟು ಬಂದರೂ ಒಳ್ಳೆಯದೇ. ಆಮೇಲೂ ನೋವು ಹಾಗೇ ಇದ್ದರೆ, ದೃಷ್ಟಿ ಮಂಜಾದರೆ, ಬೆಳಕು ನೋಡಲು ಆಗದಿದ್ದರೆ ಅವತ್ತೇ ಕಣ್ಣಿನ ವೈದ್ಯರಿಗೆ ತೋರಿಸಿ. ಘಾಟಿನಿಂದ ಉಸಿರಾಟಕ್ಕೆ ತೊಂದರೆಯಾದರೆ, ಎದೆಯಲ್ಲಿ ಸಿಳ್ಳೆಯಂಥ ಸದ್ದು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬಾಯಿ ಉರಿಗೆ ನೀರು ಬಿಟ್ಟು ಹಾಲು ಕುಡಿಯಿರಿ, ಅದರಲ್ಲಿರುವ ಕೇಸೀನ್ ಎಂಬ ಪ್ರೊಟೀನು ಖಾರವನ್ನು ಹಿಡಿದುಕೊಂಡು ಹೋಗುತ್ತದೆ.

ಹಲಗೆ, ಚಾಕು, ಜಾರುಗಳನ್ನೂ ಮೊದಲು ಎಣ್ಣೆ ಸವರಿದ ಕಾಗದದಿಂದ ಒರೆಸಿ, ಆಮೇಲೆ ಲಿಕ್ವಿಡ್ ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಸಿಂಕಿನಿಂದ ಎದ್ದ ಹಬೆಗೇ ಕೆಮ್ಮು ಬರುತ್ತದೆ. ಸ್ಪಂಜು ಖಾರ ಹಿಡಿದಿಟ್ಟುಕೊಂಡು ಆಮೇಲೆ ತೊಳೆದ ಲೋಟಕ್ಕೂ ದಾಟಿಸುವುದರಿಂದ ಈ ಕೆಲಸಕ್ಕೆ ಹಳೆಯದೊಂದನ್ನು ಬೇರೆ ಇಟ್ಟುಕೊಳ್ಳಿ. ಕಾಯಿ ಒರೆಸಿದ ಬಟ್ಟೆಯನ್ನು ಮುಖ ಒರೆಸುವ ಟವೆಲ್‌ಗಳ ಜತೆ ಒಗೆಯಲು ಹಾಕಬೇಡಿ.