ದಂತಾರೋಗ್ಯ: ಹಲ್ಲಿನ ಬೇರಿಗೆ ಆಸಿಡ್ ಹಚ್ಚುವುದೇಕೆ?

ಪ್ರಶ್ನೆ: ನನಗೆ 54 ವರ್ಷ, ಸಕ್ಕರೆ ಕಾಯಿಲೆಯಿದೆ. ವಸಡಿನಿಂದ ರಕ್ತ ಬರುತ್ತಿದ್ದುದರಿಂದ ಎರಡು ಬಾರಿ ಹಲ್ಲು ಕ್ಲೀನ್ ಮಾಡಿಸಿದೆ. ಆದರೂ ಎರಡು ದವಡೆ ಹಲ್ಲುಗಳ ಸುತ್ತ 6 ಮಿ.ಮೀ. ಆಳದ ಪಾಕೆಟ್ ಉಳಿದಿದೆಯಂತೆ. ವಸಡು ಬಿಡಿಸಿ ಶಸ್ತ್ರಚಿಕಿತ್ಸೆ ಮಾಡುವಾಗ ಬೇರಿಗೆ ಸಿಟ್ರಿಕ್ ಆಸಿಡ್ ಹಚ್ಚುವುದಾಗಿ ವೈದ್ಯರು ಹೇಳಿದ್ದಾರೆ. ಆಸಿಡ್ ಎಂಬ ಮಾತಿಗೇ ಭಯವಾಗಿದೆ. ಇದರಿಂದ ಹಲ್ಲು ಉಳಿಯುತ್ತದೆಯೆ? ನಿಂಬೆಹಣ್ಣಿನಲ್ಲಿರುವುದೂ ಅದೇ ಆಸಿಡ್ ಆದ್ದರಿಂದ ಮನೆಯಲ್ಲೇ ನಿಂಬೆರಸ ತಿಕ್ಕಿದರೆ ಸಾಲದೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಭಯಪಡಬೇಡಿ. ಆದರೆ ಆ ಆಸಿಡ್ಡಿನ ಮೇಲೆ ಹೆಚ್ಚಿನ ಭರವಸೆಯನ್ನೂ ಇಡಬೇಡಿ.

ಆರೋಗ್ಯವಂತ ವಸಡಿಗೂ ಹಲ್ಲಿಗೂ ನಡುವಿನ ಸಂದು 1ರಿಂದ 3 ಮಿ.ಮೀ. ಆಳವಿರುತ್ತದೆ. ವಸಡಿನ ಕಾಯಿಲೆಯಲ್ಲಿ ಬೇರನ್ನು ಮೂಳೆಗೆ ಬಿಗಿದಿರುವ ನಾರುಗಳು ಕಡಿದು, ಮೂಳೆ ಕರಗಿ, ಆ ಸಂದು ಆಳವಾಗುತ್ತದೆ. ಇದೇ ಪಾಕೆಟ್. ಬರಿದಾದ ಬೇರಿನ ಮೇಲೆ ಗಾರೆ (ಗಟ್ಟಿಯಾದ ಕೊಳೆ) ಕಟ್ಟಿ, ಬ್ಯಾಕ್ಟೀರಿಯಾಗಳ ವಿಷ ಅಂಟಿಕೊಳ್ಳುತ್ತದೆ. ವೈದ್ಯರು ಉಪಕರಣದಿಂದ ಬೇರನ್ನು ಹೆರೆದು ನುಣುಪು ಮಾಡಿದಾಗ ಇವೆಲ್ಲ ಬಹುಮಟ್ಟಿಗೆ ಹೋಗುತ್ತವೆಯಾದರೂ, ಹೆರೆದ ಪುಡಿಯೇ ಕೆಲವು ಮೈಕ್ರಾನ್ ದಪ್ಪದ ತೆಳುಪದರವಾಗಿ ಬೇರಿಗೆ ಮೆತ್ತಿಕೊಂಡು ಉಳಿಯುತ್ತದೆ. ಇದನ್ನು ಸ್ಮಿಯರ್ ಪದರ ಎನ್ನುತ್ತೇವೆ. ಆಸಿಡ್ ಈ ಪದರವನ್ನು ಕರಗಿಸಿ, ಬೇರಿನ ಮೇಲ್ಮೈಯ ಖನಿಜಾಂಶವನ್ನು ಸ್ವಲ್ಪ ತೆಗೆದು, ಒಳಗಿನ ಕೊಲಾಜನ್ ನಾರುಗಳನ್ನು ಹೊರಗೆ ಕಾಣಿಸುತ್ತದೆ. ಹೆಪ್ಪುಗಟ್ಟಿದ ರಕ್ತವೂ ಹೊಸ ಅಂಗಾಂಶದ ಕೋಶಗಳೂ ಆ ನಾರುಗಳನ್ನು ಹಿಡಿದುಕೊಂಡು ವಸಡು ಮತ್ತೆ ಬೇರಿಗೆ ಭದ್ರವಾಗಿ ಕೂಡಲಿ ಎಂಬುದೇ ಇದರ ಹಿಂದಿನ ಆಲೋಚನೆ.

1970ರ ದಶಕದಲ್ಲಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ತೀಕ್ಷ್ಣ) 1ರಷ್ಟು ತೀಕ್ಷ್ಣವಾದ ಸಿಟ್ರಿಕ್ ಆಮ್ಲವನ್ನು ಎರಡು ಮೂರು ನಿಮಿಷ ಹಚ್ಚಿದಾಗ ಉತ್ತಮ ಫಲ ಕಂಡುಬಂದಿತ್ತು. ಮುಂದೆ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ನ ದ್ರಾವಣವೂ ಬಳಕೆಗೆ ಬಂತು. ಇಷ್ಟು ತೀಕ್ಷ್ಣವಾದ ಆಮ್ಲ ಅಕ್ಕಪಕ್ಕದ ಜೀವಂತ ಅಂಗಾಂಶವನ್ನು ಸುಡಬಲ್ಲದೆಂಬ ಕಾರಣಕ್ಕೆ, ತಟಸ್ಥ ಪಿಎಚ್‌ನ ಶೇ. 24ರ ಇಡಿಟಿಎ ಜೆಲ್ಲನ್ನು ಅನೇಕರು ಮೆಚ್ಚುತ್ತಾರೆ. ಅದು ಸುಡದೆ, ಕ್ಯಾಲ್ಸಿಯಂ ಅನ್ನು ಸೆಳೆದು ಕೆಲಸ ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಇವುಗಳ ಪರಿಣಾಮ ಚೆನ್ನಾಗಿಯೇ ಕಾಣುತ್ತದೆ. ಆದರೆ ರೋಗಿಗಳ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿ 2003ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ಸಿಟ್ರಿಕ್ ಆಮ್ಲವಾಗಲಿ ಟೆಟ್ರಾಸೈಕ್ಲಿನ್ ಆಗಲಿ ಇಡಿಟಿಎ ಆಗಲಿ ಪಾಕೆಟ್ಟಿನ ಆಳವನ್ನು ತಗ್ಗಿಸುವಲ್ಲಿ ಹೇಳಿಕೊಳ್ಳುವಂಥ ಹೆಚ್ಚುವರಿ ಲಾಭ ಕೊಟ್ಟದ್ದು ಕಾಣಲಿಲ್ಲ. ಆದ್ದರಿಂದ ನಿಮ್ಮ ಹಲ್ಲು ಉಳಿಯುವುದಾದರೆ, ವಸಡು ಬಿಡಿಸಿ, ಕಣ್ಣಿಗೆ ಕಾಣುವಂತೆ ಬೇರನ್ನು ಮೂಲೆಮೂಲೆಗೂ ಶುಚಿ ಮಾಡುವುದರಿಂದ ಉಳಿಯುತ್ತದೆ. ಶಸ್ತ್ರಚಿಕಿತ್ಸೆ ಬೇಕೆಂಬ ವೈದ್ಯರ ಸಲಹೆ ಸರಿಯಾಗಿದೆ, ಅದನ್ನು ಮುಂದೂಡಬೇಡಿ. ಆಸಿಡ್ ಹಚ್ಚುವುದಕ್ಕೆಂದೇ ಪ್ರತ್ಯೇಕವಾಗಿ ದೊಡ್ಡ ಮೊತ್ತ ಕೇಳಿದರೆ ಮಾತ್ರ, ಅದರ ಅಗತ್ಯವೇನೆಂದು ಸಂಕೋಚವಿಲ್ಲದೆ ವಿಚಾರಿಸಿ. ಟೆಟ್ರಾಸೈಕ್ಲಿನ್ ನಿಮಗೆ ಒಗ್ಗದಿದ್ದರೆ ಅದನ್ನೂ ಮೊದಲೇ ತಿಳಿಸಿ.

ಮೂಳೆ ಗುಳಿಬಿದ್ದ ಕಡೆ, ಇಡಿಟಿಎ ಹಚ್ಚಿ ತೊಳೆದ ಬೇರಿನ ಮೇಲೆ ಎನಾಮಲ್ (ಹಲ್ಲಿನ ಹೊರಕವಚ) ಪ್ರೋಟೀನಿನ ಜೆಲ್ ಹಾಕುವ ಕ್ರಮವೂ ಉಂಟು, ಈ ಪ್ರೋಟೀನ್ ಜೆಲ್ಲಿನಿಂದ ಪ್ರಯೋಜನವಿದೆ. ಆ ಪ್ರೋಟೀನನ್ನು ಹಂದಿಮರಿಗಳ ಬೆಳೆಯುತ್ತಿರುವ ಹಲ್ಲುಗಳಿಂದ ತೆಗೆಯುತ್ತಾರೆ. ನಮ್ಮಲ್ಲಿ ಅನೇಕರಿಗೆ ಇದು ಮನಸ್ಸಿಗೆ ಸಂಬಂಧಿಸಿದ ವಿಷಯವಾದ್ದರಿಂದ, ಬಳಸುವ ಮುನ್ನ ರೋಗಿಗೆ ತಿಳಿಸಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನಿಂಬೆರಸದ ವಿಚಾರ: ದಯವಿಟ್ಟು ಬೇಡ. ವೈದ್ಯರು ಶುಚಿಗೊಳಿಸಿದ ಬೇರಿಗೆ ಆಮ್ಲವನ್ನು ಅಳೆದ ಹೊತ್ತು ಮಾತ್ರ ಹಚ್ಚಿ, ಕೂಡಲೇ ಸಲೈನಿನಿಂದ ತೊಳೆಯುತ್ತಾರೆ. ನೀವು ತಿಕ್ಕುವ ರಸ 6 ಮಿ.ಮೀ. ಆಳಕ್ಕೆ ಇಳಿಯುವುದಿಲ್ಲ, ಗಾರೆಯೂ ಹೋಗುವುದಿಲ್ಲ; ಮೇಲಿನ ಎನಾಮಲ್ ಮಾತ್ರ ಸವೆಯುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ಎಚ್‌ಬಿಎ1ಸಿ ಪರೀಕ್ಷೆ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ವರದಿಯನ್ನು ದಂತವೈದ್ಯರಿಗೆ ತೋರಿಸಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದು ತಡವಾಗುತ್ತದೆ. ತಂಬಾಕಿನ ಅಭ್ಯಾಸವಿದ್ದರೆ ಇಂದೇ ಬಿಡಿ. ಚಿಕಿತ್ಸೆಯ ನಂತರ ಕೆಲವು ವಾರ ತಣ್ಣೀರು ಕುಡಿದಾಗ ಹಲ್ಲು ಜುಮ್ಮೆನ್ನಬಹುದು. ಸಾಮಾನ್ಯವಾಗಿ ಅದು ಕ್ರಮೇಣ ಇಳಿಯುತ್ತದೆ.