ಲೋಹದ ಆಕ್ಸೈಡ್‌ಗಳ ನ್ಯಾನೊಕಣಗಳು ವಿದ್ಯುತ್ಕಾಂತೀಯ ಅಲೆಗಳನ್ನು ಹೇಗೆ ಹೀರಿಕೊಳ್ಳುತ್ತವೆ?

ತಾಮ್ರದ ಹಾಳೆ ರೇಡಾರ್ ಅಲೆಯನ್ನು ತಡೆಯುತ್ತದೆಯಾದರೂ ಹೀರುವುದಿಲ್ಲ, ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಹೀರಿಕೆಯಾಗಬೇಕಾದರೆ ಅಲೆ ಮೊದಲು ವಸ್ತುವಿನ ಒಳಹೊಗಬೇಕು, ಹೊಕ್ಕ ಮೇಲೆ ಅದರ ಶಕ್ತಿ ಶಾಖವಾಗಿ ಮಾರ್ಪಡಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್, ಅಂದರೆ 2005ರವರೆಗೆ ನಮ್ಮ ಕುದುರೆಮುಖದಲ್ಲಿ ಅಗೆಯುತ್ತಿದ್ದ ಅದಿರಿನಲ್ಲಿರುವ, ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಕಪ್ಪು ಖನಿಜ.

ಅದರ ಹರಳಿನಲ್ಲಿರುವ ಎರಡು ಬಗೆಯ ಕಬ್ಬಿಣದ ಅಯಾನುಗಳ ನಡುವೆ ಇಲೆಕ್ಟ್ರಾನುಗಳು ಜಿಗಿಯುವಾಗ ಅಲೆಯ ವಿದ್ಯುತ್ ಕ್ಷೇತ್ರದ ಶಕ್ತಿ ವ್ಯಯವಾದರೆ, ಕಾಂತೀಯ ಅನುರಣನವು (ಖನಿಜದೊಳಗಿನ ಕಾಂತೀಯತೆ ಅಲೆಯ ಆವೃತ್ತಿಗೆ ಹೊಂದಿಕೊಂಡು ತೂಗುವುದು) ಅಲೆಯ ಕಾಂತಕ್ಷೇತ್ರದಿಂದ ಶಕ್ತಿ ಸೆಳೆಯುತ್ತದೆ. ಕಣವು ನ್ಯಾನೊ ಗಾತ್ರಕ್ಕೆ ಇಳಿದಾಗ ಅಲೆಯೇ ವಸ್ತುವಿನಲ್ಲಿ ಹುಟ್ಟಿಸಿ, ಅಲೆಯನ್ನೇ ಹೊರಗೆ ತಡೆಯುವ ಸುಳಿಪ್ರವಾಹ ತಗ್ಗಿ ಅಲೆ ಸಲೀಸಾಗಿ ಒಳಹೋಗುತ್ತದೆ. ಮೇಲ್ಮೈ ಹಿಗ್ಗುವುದರಿಂದ ಕಣವೂ ಅದನ್ನು ಹಿಡಿದಿಟ್ಟ ರಾಳವೂ ಕೂಡುವ ಗಡಿಯಲ್ಲಿ ಧ್ರುವೀಕರಣ, ಅಂದರೆ ಧನ-ಋಣ ವಿದ್ಯುದಾವೇಶಗಳು ಬೇರ್ಪಡುವುದು, ಹೆಚ್ಚಿ ಇನ್ನಷ್ಟು ಶಕ್ತಿ ಶಾಖವಾಗುತ್ತದೆ.

ಲೋಹದ ಮೇಲೆ ಬಳಿದ ಲೇಪನದ ಪ್ರತಿಫಲನ ನಷ್ಟ (ಹಿಂದಿರುಗುವ ಅಲೆ ಎಷ್ಟು ಕ್ಷೀಣಿಸಿದೆ ಎಂಬ ಅಳತೆ) −10 ಡೆಸಿಬೆಲ್ ಇದ್ದರೆ ಶೇ. 90ರಷ್ಟು, −20 ಇದ್ದರೆ ಶೇ. 99ರಷ್ಟು ಶಕ್ತಿ ಹೀರಿಕೆಯಾಗಿದೆ ಎಂದರ್ಥ. ಆದರೆ ಈ ಅಂಕಿಯನ್ನು ಲೇಪನದ ದಪ್ಪ ಬಿಟ್ಟು ಓದಬಾರದು, ಏಕೆಂದರೆ ದಪ್ಪ ಬದಲಾದರೆ ಗರಿಷ್ಠ ಹೀರಿಕೆಯ ಆವೃತ್ತಿಯೂ ಸರಿಯುತ್ತದೆ. ಮ್ಯಾಗ್ನೆಟೈಟಿನ ನಿಜವಾದ ತೊಡಕು ತೂಕ: ಘನ ಸೆಂಟಿಮೀಟರಿಗೆ ಸುಮಾರು 5.2 ಗ್ರಾಂ. ಆದ್ದರಿಂದಲೇ ಸಂಶೋಧಕರು ಅದನ್ನು ಟೊಳ್ಳು ಗೋಲಗಳಾಗಿ ಬೆಳೆಸುತ್ತಾರೆ, ಇಲ್ಲವೇ ಇಂಗಾಲದ ಅತಿ ತೆಳುವಾದ, ಹಗುರವಾದ ಗ್ರಾಫೀನ್ ಹಾಳೆಗಳ ಮೇಲೆ ಕೂರಿಸುತ್ತಾರೆ.