ಕಾರಿನ ಹಿಂಭಾಗದ ಸ್ಪ್ರಿಂಗ್ ಬದಲಿಸುವುದು

ಪ್ರಶ್ನೆ: ನನ್ನ ಹಳೆಯ ಕಾರಿನ ಹಿಂಭಾಗ ಒಂದು ಕಡೆಗೆ ಕುಸಿದಿದೆ. ಆ ಬದಿಯ ಸ್ಪ್ರಿಂಗನ್ನಷ್ಟೇ ಮನೆಯಲ್ಲಿ ಬದಲಿಸಬಹುದೇ?

ಉತ್ತರ: ಒಂದನ್ನೇ ಬದಲಿಸಿದರೆ ಕಾರು ಮತ್ತೆ ವಾಲುತ್ತದೆ, ಜೋಡಿಯಾಗಿಯೇ ಬದಲಿಸಿ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ (ಕುಲುಕಾಟ ತಗ್ಗಿಸುವ ಭಾಗ) ಒಂದೇ ಜೋಡಣೆಯಲ್ಲಿದ್ದರೆ, ಅದುಮಿಟ್ಟ ಸ್ಪ್ರಿಂಗ್ ಸಿಡಿಯುವ ಅಪಾಯವಿರುವುದರಿಂದ, ಕೆಲಸವನ್ನು ಗ್ಯಾರೇಜಿಗೆ ಒಪ್ಪಿಸುವುದೇ ಲೇಸು. ಅವು ಬೇರೆಬೇರೆಯಾಗಿದ್ದರೆ, ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಬಾಡಿಯನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ (ಹಿಂದಿನ ಚಕ್ರಗಳನ್ನು ಹೊತ್ತ ಅಡ್ಡ ದಂಡಕ್ಕೆ) ಜಾಕಿನ ಆಸರೆಯಿಟ್ಟ ಬಳಿಕವೇ ಶಾಕ್ ಅಬ್ಸಾರ್ಬರ್‌ಗಳ ಕೆಳಗಿನ ಬೋಲ್ಟ್‌ಗಳನ್ನು ಬಿಚ್ಚಿ (ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ), ಬ್ರೇಕ್ ಹೋಸ್ ಎಳೆದುಕೊಳ್ಳದಂತೆ ಆಕ್ಸಲನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಹೊಸದರ ತುದಿ, ಸ್ಪ್ರಿಂಗ್ ಕೂರುವ ರಬ್ಬರ್ ಸೀಟಿನ ಅಂಚಿಗೆ ಸರಿಯಾಗಿ ತಾಗಿ ಕೂರಬೇಕು. ಬೋಲ್ಟ್‌ಗಳನ್ನು ಕೊನೆಯದಾಗಿ ಬಿಗಿಯುವುದು ಚಕ್ರಗಳು ಭಾರ ಹೊತ್ತ ಮೇಲೆ; ಇಲ್ಲದಿದ್ದರೆ ಬುಷ್‌ಗಳು (ಬೋಲ್ಟ್ ಸುತ್ತಲಿನ ರಬ್ಬರ್ ಬಳೆಗಳು) ತಿರುಚಿಕೊಂಡು ಬೇಗ ಹಾಳಾಗುತ್ತವೆ.